ಹೊಸ್ತಿಲು ಮತ್ತು ಸುಂಕ: ಬ್ರಿಟಿಷ್ ಪಕ್ಷರಾಜಕಾರಣದಲ್ಲಿ ಆಯವ್ಯಯಕ್ಕೆ ಜನರು ತೋರಿದ ಪ್ರತಿಕ್ರಿಯೆ

ಕನ್ನಡದ ‘ಆಯವ್ಯಯ’ ಲೆಕ್ಕದ ಪುಸ್ತಕದಿಂದ ಬಂದ ಪದ. ‘ಬಜೆಟ್’ ಎಂಬುದರ ಮೂಲವಾದರೋ ಚಿಕ್ಕ ಚರ್ಮದ ಚೀಲ ಎಂಬರ್ಥದ ಹಳೆಯ ಫ್ರೆಂಚ್ ಪದ. 1733ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಕಿರುಹೊತ್ತಗೆಯು ಅಂದಿನ ಪ್ರಧಾನಿ ರಾಬರ್ಟ್ ವಾಲ್ಪೋಲ್‌ನನ್ನು, ಸಂತೆಯಲ್ಲಿ ಚೀಲ ಬಿಚ್ಚಿ ಮದ್ದು ಮಾರುವ ಕಪಟ ವೈದ್ಯನಿಗೆ ಹೋಲಿಸಿ ಗೇಲಿ ಮಾಡಿತು. ರಾಜ್ಯದ ಹಣಕಾಸಿಗೆ ಈ ಹೆಸರು ಅಂಟಿಕೊಂಡುದರ ಹಿಂದೆ ಇಂತಹ ವಿಡಂಬನೆಯಿದೆ. ಆದುದರಿಂದ ಆಯವ್ಯಯದ ಚರಿತ್ರೆಗೆ ಸಂಸತ್ತಿನ ಮತಗಳ ಎಣಿಕೆಯಷ್ಟೇ ಆಕರವಲ್ಲ. ಬೀದಿಯ ಆಚರಣೆಗಳೂ ಆಕರಗಳೇ. ಅವುಗಳನ್ನು ಹೇಗೆ ಓದಬೇಕೆಂಬುದು ಪ್ರಸ್ತುತ ಲೇಖನದ ಪ್ರಶ್ನೆ.

1733ರ ಮಾರ್ಚ್ 14ರಂದು ವಾಲ್ಪೋಲ್ ತಂಬಾಕಿನ ಮೇಲಿನ ಬಂದರು ಸುಂಕದ ಬಹುಭಾಗವನ್ನು ಎಕ್ಸೈಸ್ ಆಗಿ ಮಾರ್ಪಡಿಸುವ ಯೋಜನೆಯನ್ನು ಮಂಡಿಸಿದನು. ದ್ರಾಕ್ಷಾರಸವೂ ಆ ಯೋಜನೆಯಲ್ಲಿ ಸೇರಿತ್ತು. ಕಳ್ಳಸಾಗಣೆಯನ್ನು ತಡೆಯುವುದು ಅದರ ಉದ್ದೇಶ. ಜನರ ಮೇಲಿನ ಹೊರೆಯನ್ನು ಹೆಚ್ಚಿಸುವುದಲ್ಲ. ಹೀಗಿದ್ದೂ ದೇಶವೇ ಕೆರಳಿತು. ಎಕ್ಸೈಸ್ ಅಧಿಕಾರಿಗೆ ಉಗ್ರಾಣಗಳನ್ನೂ ಅಂಗಡಿಗಳನ್ನೂ ಶೋಧಿಸುವ ಅಧಿಕಾರವಿತ್ತು. ಅಪರಾಧಗಳ ವಿಚಾರಣೆಯು ಜ್ಯೂರಿಯಿಲ್ಲದೆ ನಡೆಯಬಹುದಾಗಿತ್ತು. ಇಂದು ತಂಬಾಕು, ನಾಳೆ ಅನ್ನ ಬಟ್ಟೆ ಎಂಬ ಭೀತಿ ಹರಡಿತು. ನಿರಂಕುಶ ದೊರೆತನದಡಿ ಬಡವಾದ ಫ್ರೆಂಚ್ ರೈತನ ಗುರುತಾದ ಮರದ ಪಾದರಕ್ಷೆ ಪ್ರತಿಭಟನೆಯ ಲಾಂಛನವಾಯಿತು. ಸರ್ಕಾರದ ಬಹುಮತ 61ರಿಂದ 17ಕ್ಕೆ ಕುಸಿದಾಗ, ಏಪ್ರಿಲ್ 11ರಂದು ವಾಲ್ಪೋಲ್ ಹಿಂದೆಗೆದನು. ಲಂಡನ್ನಿನಲ್ಲಿ ಗಂಟೆಗಳು ಮೊಳಗಿದವು. ಉತ್ಸವದ ಬೆಂಕಿಯಲ್ಲಿ ಅವನ ಪ್ರತಿಕೃತಿ ಬೆಂದಿತು.

ಮೂವತ್ತು ವರ್ಷಗಳ ಬಳಿಕ ಇದೇ ಕಥನ ಹಳ್ಳಿಗಳಲ್ಲಿ ಮರುಕಳಿಸಿತು. ಏಳು ವರ್ಷಗಳ ಯುದ್ಧವು ರಾಷ್ಟ್ರದ ಸಾಲವನ್ನು ಸುಮಾರು 13 ಕೋಟಿ ಪೌಂಡ್‌ಗಳಿಗೆ ಏರಿಸಿತ್ತು. 1763ರಲ್ಲಿ ಬ್ಯೂಟ್ ಸಾಮಂತನ ಸರ್ಕಾರವು, ಸೇಬಿನ ಮದ್ಯವಾದ ಸೈಡರ್‌ಗೆ ಪೀಪಾಯಿಯೊಂದಕ್ಕೆ 4 ಷಿಲಿಂಗ್ ಸುಂಕ ವಿಧಿಸಿತು. ತಯಾರಕನೇ ಸುಂಕ ತೆರಬೇಕಾದುದರಿಂದ ಅಧಿಕಾರಿಯ ಕಾಲು ಅಂಗಡಿಯನ್ನು ದಾಟಿ ರೈತನ ಮನೆಯ ಹೊಸ್ತಿಲಿಗೆ ಬಂದಿತು. ಪಶ್ಚಿಮದ ಸೇಬಿನ ಜಿಲ್ಲೆಗಳಲ್ಲಿ ಚರ್ಚಿನ ಗಂಟೆಗಳಿಗೆ ಬಟ್ಟೆ ಸುತ್ತಿ ಸಾವಿನ ನಾದ ಹೊರಡಿಸಿದರು; ಖಾಲಿ ಪೀಪಾಯಿಗಳಿಗೆ ಶವಯಾತ್ರೆ ನಡೆಸಿದರು. ಬೂಟು ಮತ್ತು ಲಂಗಗಳನ್ನು ಸುಟ್ಟರು: ಬೂಟು ಬ್ಯೂಟ್‌ನ ಹೆಸರಿನ ಶ್ಲೇಷೆ, ಲಂಗವು ಅವನಿಗೆ ಆಪ್ತಳೆಂದು ಜನ ಆಡಿಕೊಳ್ಳುತ್ತಿದ್ದ ರಾಜಮಾತೆಯ ಸಂಕೇತ. ಆ ವರ್ಷದ ಏಪ್ರಿಲ್‌ನಲ್ಲಿಯೇ ಬ್ಯೂಟ್ ರಾಜೀನಾಮೆ ನೀಡಿದನು. 1766ರಲ್ಲಿ ಸುಂಕ ರದ್ದಾಯಿತು.

ಈ ಎರಡೂ ಪ್ರಸಂಗಗಳಲ್ಲಿ ಜನರನ್ನು ಕೆರಳಿಸಿದುದು ಸುಂಕದ ಮೊತ್ತಕ್ಕಿಂತ ಮಿಗಿಲಾಗಿ ಅದು ಒಳಬರುವ ಬಾಗಿಲು. ಜನಪದರ ಕಲ್ಪನೆಯಲ್ಲಿ ಹೊಸ್ತಿಲು ಮನೆಯ ಮಾನದ ಗಡಿ. ಅದನ್ನು ಕೇಳದೆ ದಾಟುವ ಪ್ರಭುತ್ವಕ್ಕೆ ಅವರು ತಮಗೆ ತಿಳಿದಿದ್ದ ಶವಸಂಸ್ಕಾರ ಮತ್ತು ದಹನಗಳ ಭಾಷೆಯಲ್ಲಿಯೇ ಉತ್ತರಿಸಿದರು.

ಹಾಗೆಂದು ಪ್ರತಿಯೊಂದು ಪ್ರತಿಕೃತಿ ದಹನವನ್ನೂ ‘ಜನವಾಣಿ’ ಎಂದು ಕರೆಯಲು ಬಾರದು. 1733ರಲ್ಲಿ ಬೆಂಕಿಗೆ ಸೌದೆ ಒಡ್ಡಿದವರಲ್ಲಿ ಹಳೆಯ ವ್ಯವಸ್ಥೆಯ ವಂಚನೆಯಿಂದ ಲಾಭ ಪಡೆಯುತ್ತಿದ್ದ ತಂಬಾಕಿನ ವ್ಯಾಪಾರಿಗಳಿದ್ದರು. ಟೋರಿಗಳೊಂದಿಗೆ ಕೈಜೋಡಿಸಿದ, ವಿಲಿಯಂ ಪುಲ್ಟ್ನಿಯಂತಹ ಭಿನ್ನಮತೀಯ ವಿಗ್‌ಗಳಿದ್ದರು. 1763ರಲ್ಲಿ ಸೇಬಿನ ತೋಟಗಳ ಜಮೀನುದಾರರಿದ್ದರು. ಭೀತಿ ಜನರದು, ಆಚರಣೆಯ ರೂಪವೂ ಜನರದು. ಲಾಭದ ಪಾಲು ಮಾತ್ರ ಸಮನಾಗಿರಲಿಲ್ಲ.

1909ರ ಏಪ್ರಿಲ್ 29ರಂದು ಲಾಯ್ಡ್ ಜಾರ್ಜ್ ಮಂಡಿಸಿದ ‘ಜನತೆಯ ಆಯವ್ಯಯ’ದಲ್ಲಿ ಈ ಚಿತ್ರ ತಿರುಗಿತು. ಯುದ್ಧನೌಕೆಗಳಿಗೂ ವೃದ್ಧಾಪ್ಯ ವೇತನಕ್ಕೂ ಬೇಕಾದ ಹಣಕ್ಕಾಗಿ ಅದು ಭಾರಿ ವರಮಾನ ಮತ್ತು ಭೂಮೌಲ್ಯದ ಏರಿಕೆಗಳ ಮೇಲೆ ತೆರಿಗೆ ಸೂಚಿಸಿತು. ಅದೇ ವರ್ಷದ ಆರಂಭದಿಂದ 70 ದಾಟಿದ ಬಡವರು ಅಂಚೆ ಕಚೇರಿಯಲ್ಲಿ ವಾರಕ್ಕೆ 5 ಷಿಲಿಂಗ್‌ವರೆಗೆ ಪಡೆಯತೊಡಗಿದ್ದರು. ಪ್ರಭುತ್ವ ಈಗ ಬಡವನಿಗೆ ಕೊಡುವ ಕೈಯಾಗಿಯೂ ಕಂಡಿತು. ಬಾಗಿಲಿಗೆ ಅಧಿಕಾರಿ ಬಂದನೆಂದು ಗೋಳಿಟ್ಟವರು ಭೂಮಾಲೀಕ ಶ್ರೀಮಂತರು. ಪ್ರಚಾರಕ್ಕೆ ಎರಡೂ ಪಾಳೆಯಗಳು ಸಂಘ ಕಟ್ಟಿದವು. ಮುಕ್ತ ವ್ಯಾಪಾರದ ಪರವಾದವರ ಭಿತ್ತಿಪತ್ರಗಳಲ್ಲಿ ದೊಡ್ಡ ರೊಟ್ಟಿ, ಚಿಕ್ಕ ರೊಟ್ಟಿಗಳ ಚಿತ್ರ ಮೆರೆಯಿತು. ನವೆಂಬರ್ 30ರಂದು ಪ್ರಭುಗಳ ಸಭೆ 350–75 ಮತಗಳಿಂದ ಮಸೂದೆಯನ್ನು ತಿರಸ್ಕರಿಸಿತು. 1910ರ ಜನವರಿ ಚುನಾವಣೆಯಲ್ಲಿ ಉದಾರವಾದಿಗಳೂ ಸಂಪ್ರದಾಯವಾದಿಗಳೂ ಬಹುತೇಕ ಸಮಬಲ ಪಡೆದರು; ಐರಿಷ್ ಮತ್ತು ಲೇಬರ್ ಸದಸ್ಯರ ಬೆಂಬಲದಿಂದ ಸರ್ಕಾರ ಉಳಿಯಿತು. ಏಪ್ರಿಲ್‌ನಲ್ಲಿ ಆಯವ್ಯಯ ಅಂಗೀಕೃತವಾಯಿತು. 1911ರ ಪಾರ್ಲಿಮೆಂಟ್ ಕಾಯಿದೆಯು ಹಣಕಾಸಿನ ಮಸೂದೆಗಳನ್ನು ತಡೆಯುವ ಪ್ರಭುಗಳ ಅಧಿಕಾರವನ್ನು ಕಿತ್ತುಕೊಂಡಿತು.

ಮರದ ಪಾದರಕ್ಷೆಯಿಂದ ರೊಟ್ಟಿಯವರೆಗಿನ ಈ ಪಯಣದಲ್ಲಿ ಲಾಂಛನದ ಒಡೆತನ ಬೀದಿಯಿಂದ ಪಕ್ಷದ ಕಚೇರಿಯತ್ತ ಸರಿದುದು ಕಾಣುತ್ತದೆ. ಆದರೂ ಅವುಗಳ ಬಲ ಅಡಗಿದ್ದುದು ಹೊಸ್ತಿಲು, ಒಲೆ, ಅನ್ನಗಳ ಜನಪದ ಅನುಭವದಲ್ಲಿಯೇ. ಆ ಅನುಭವವನ್ನು ಅಲಕ್ಷಿಸಿದ ಚರಿತ್ರೆ ವಾಲ್ಪೋಲ್‌ನಂತೆಯೇ ಎಡವುತ್ತದೆ: ಅವನ ಲೆಕ್ಕ ಸರಿಯಿತ್ತು, ಜನರ ಅಂಜಿಕೆ ಆ ಲೆಕ್ಕದೊಳಗೆ ಇರಲಿಲ್ಲ. ಪ್ರತಿಕೃತಿ ಸುಟ್ಟವರು ಯಾರೆಂದು ಕೇಳುವಷ್ಟೇ ಶ್ರದ್ಧೆಯಿಂದ, ಅದಕ್ಕೆ ಸೌದೆ ತಂದವರು ಯಾರೆಂದು ಕೇಳುವುದೂ ಜಾನಪದ ಅಧ್ಯಯನದ ಹೊಣೆ.