ಒಂದೇ ಕಾರ್ಖಾನೆಯ ಕೂಪೆ ಮತ್ತು ಮಿನಿವ್ಯಾನ್
ಫ್ರಾನ್ಸಿನ ಸೊಲೋನ್ ಸೀಮೆಯ ರೊಮೊರಾಂತಾಂ ಪಟ್ಟಣ ಉಣ್ಣೆಬಟ್ಟೆಗೆ ಹೆಸರಾಗಿದ್ದ ಊರು. 1960ರ ದಶಕದಲ್ಲಿ ಅಲ್ಲಿ ಮಾತ್ರಾ ಕಂಪನಿಯ ಕಾರುಗಳು ತಯಾರಾಗತೊಡಗಿದವು. ಕ್ಷಿಪಣಿ ತಯಾರಕ ಮಾತ್ರಾಕ್ಕೆ ರೇಸಿನಲ್ಲೂ ದೊಡ್ಡ ಹೆಸರಿತ್ತು: 1969ರಲ್ಲಿ ಜಾಕಿ ಸ್ಟೀವರ್ಟ್ ವಿಶ್ವ ಚಾಂಪಿಯನ್ ಆದದ್ದು ಅದರ ಕಾರಿನಲ್ಲಿ, 1972ರಿಂದ 1974ರವರೆಗೆ ಲೆ ಮಾನ್ಸ್ ರೇಸಿನ ಗೆಲುವೂ ಅದರದೇ.

1973ರಲ್ಲಿ ಬಂದ ಬಘೀರಾ ಕೂಪೆಯಲ್ಲಿ ಮೂವರು ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಉಕ್ಕಿನ ಚೌಕಟ್ಟಿನ ಮೇಲೆ ಪಾಲಿಯೆಸ್ಟರ್ ಹೊದಿಕೆ. ಹೊದಿಕೆಗೆ ತುಕ್ಕಿನ ಭಯವಿರಲಿಲ್ಲ, ಆದರೆ ಒಳಗಿನ ಚೌಕಟ್ಟು ಕಣ್ಣಿಗೆ ಕಾಣದಂತೆ ತಿಂದುಹೋಗುತ್ತಿತ್ತು. ಆ ಪಾಠದಿಂದಲೇ 1980ರ ಮುರೇನಾ ಕೂಪೆಯ ಚೌಕಟ್ಟನ್ನು ಸತುವಿನಲ್ಲಿ ಅದ್ದಿ ತೆಗೆಯಲಾಯಿತು. ಪ್ಲಾಸ್ಟಿಕ್ಕಿನ ಆಯ್ಕೆಗೆ ಹಣದ ಲೆಕ್ಕವೂ ಕಾರಣ. ಉಕ್ಕಿನ ಹಾಳೆ ಒತ್ತುವ ಅಚ್ಚು, ಯಂತ್ರಗಳ ಖರ್ಚು ಹುಟ್ಟಬೇಕಾದರೆ ಕಾರುಗಳು ಲಕ್ಷಗಟ್ಟಲೆ ಮಾರಾಟವಾಗಬೇಕು. ಕಡಿಮೆ ಸಂಖ್ಯೆಗೆ ಪಾಲಿಯೆಸ್ಟರ್ ಅಚ್ಚೇ ಅಗ್ಗ.

ಮುಂದೆ ಮಾತ್ರಾ ಮಿನಿವ್ಯಾನಿನ ಯೋಜನೆಯನ್ನೂ ಕೈಗೆತ್ತಿಕೊಂಡಿತು. ಎಂಜಿನಿಯರ್ ಫಿಲಿಪ್ ಗೆದೋಂ ಅದರ ಹಿಂದಿನ ಶಕ್ತಿ. ಅದಕ್ಕೆ ರೂಪ ಕೊಟ್ಟವರಲ್ಲಿ ಮಾತ್ರಾದ ವಿನ್ಯಾಸಕ ಆಂಟೊನಿಸ್ ವೊಲಾನಿಸ್ ಒಬ್ಬರು. ಆಗ ಮಾತ್ರಾದ ಪಾಲುದಾರನಾಗಿದ್ದ ಪ್ಯೂಜೊ ಯೋಜನೆಯನ್ನು ಒಪ್ಪಲಿಲ್ಲ, ರೆನೊ ಒಪ್ಪಿತು. ಕಾರ್ಖಾನೆಯನ್ನು ಈ ಮಿನಿವ್ಯಾನಿಗೆ ಬಿಟ್ಟುಕೊಡಲು 1983ರಲ್ಲಿ ಮುರೇನಾ ನಿಂತಿತು. ಅಷ್ಟರಲ್ಲಿ ತಯಾರಾಗಿದ್ದವು ಹತ್ತು ಸಾವಿರಕ್ಕೆ ತುಸು ಹೆಚ್ಚು ಮಾತ್ರ. 1984ರ ಬೇಸಿಗೆಯಲ್ಲಿ ಅದು ರೆನೊ ಎಸ್ಪಾಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೊದಲ ತಿಂಗಳು ಮಾರಾಟವಾದದ್ದು 9.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಬೆರಗಾಗುವುದು ಉದ್ದದಲ್ಲಿ. ಮುರೇನಾ 4.07 ಮೀಟರ್, ಎಸ್ಪಾಸ್ 4.25. ಕೇವಲ 18 ಸೆಂಟಿಮೀಟರ್ ಹೆಚ್ಚಿಗೆ ಮುರೇನಾದ ಮೂವರ ಜಾಗದಲ್ಲಿ ಏಳು ಜನ! ಗುಟ್ಟು ಎತ್ತರದಲ್ಲಿದೆ: 1.22 ಮೀಟರಿನ ಕೂಪೆಯಲ್ಲಿ ಕಾಲು ಚಾಚಿ ಒರಗಬೇಕು, 1.66 ಮೀಟರಿನ ಎಸ್ಪಾಸ್‌ನಲ್ಲಿ ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂರಬಹುದು. ಕೂಪೆಯ ಎಂಜಿನ್ ಸೀಟುಗಳ ಬೆನ್ನಿಗಿತ್ತು. ಎಸ್ಪಾಸ್‌ನಲ್ಲಿ ಅದು ಮುಂದಕ್ಕೆ ಸರಿದು ಮುಂಗಾಲಿಗಳನ್ನೇ ಓಡಿಸಿದ್ದರಿಂದ ಒಳನೆಲ ಸಪಾಟಾಯಿತು. ಮುಂದಿನ ಸೀಟುಗಳನ್ನು ಹಿಂದಕ್ಕೆ ತಿರುಗಿಸಿ, ಉಳಿದವನ್ನು ಕಿತ್ತಿಟ್ಟು, ಕುಟುಂಬಗಳು ಕಾರನ್ನು ಬೇಕಾದಂತೆ ಜೋಡಿಸಿಕೊಂಡವು. ಸತುವಿನ ಚೌಕಟ್ಟು, ಪಾಲಿಯೆಸ್ಟರ್ ಹೊದಿಕೆ ಮಾತ್ರ ಎರಡಕ್ಕೂ ಒಂದೇ. ಮುರೇನಾದ ನಿಜವಾದ ಉತ್ತರಾಧಿಕಾರಿ ಎಸ್ಪಾಸ್ ಎನ್ನಲು ಇಷ್ಟು ಸಾಕು.

ಮಾರಾಟ ಬೇಗ ಏರಿತು. ಮೂರು ತಲೆಮಾರುಗಳಲ್ಲಿ ರೊಮೊರಾಂತಾಂ ಎಂಟು ಲಕ್ಷಕ್ಕೂ ಹೆಚ್ಚು ಎಸ್ಪಾಸ್‌ಗಳನ್ನು ಹೊರತಂದಿತು. ಯಶಸ್ಸೇ ಕೊನೆಗೆ ಮುಳುವಾಯಿತು: ಇಷ್ಟು ದೊಡ್ಡ ಸಂಖ್ಯೆಗೆ ಉಕ್ಕೇ ಲಾಭಕರವೆಂದು ಕಂಡು, 2002ರ ನಾಲ್ಕನೆಯ ಎಸ್ಪಾಸ್ ಅನ್ನು ರೆನೊ ತನ್ನ ಕಾರ್ಖಾನೆಯಲ್ಲೇ ತಯಾರಿಸಿತು. ಮಾತ್ರಾದ ಪಾಲಿಗೆ ಉಳಿದದ್ದು ಅವಾಂಟೀಮ್. ಎಸ್ಪಾಸ್‌ನ ತಳಹದಿಯ ಮೇಲೆ ಎರಡೇ ಬಾಗಿಲಿನ ಕೂಪೆ ಕಟ್ಟಿದ ಆ ದಿಟ್ಟ ಕಾರು ಸುಮಾರು 8,500 ಮಾತ್ರ ತಯಾರಾಯಿತು. 2003ರಲ್ಲಿ ಅದು ನಿಂತಿತು, ಕಾರ್ಖಾನೆಯೂ ಮುಚ್ಚಿತು.