ಬೂಟ್ ಲೋಡರ್ (ಮಿನಿ ಪಿಸಿಯಲ್ಲಿ ಲಿನಕ್ಸ್)

ಗಣಕದ ಗುಂಡಿ ಒತ್ತಿದ ಮೇಲೆ ಫರ್ಮ್‌ವೇರ್‌ನಿಂದ ಹತೋಟಿ ಪಡೆದು, ಕರ್ನಲ್ಲನ್ನು ಮೆಮರಿಗೆ ತುಂಬಿ ಓಡಿಸುವ ಕಿರುತಂತ್ರಾಂಶ. ಲಿನಕ್ಸ್‌ನಲ್ಲಿ ಹಿಂದೆ ಲಿಲೋ ಇತ್ತು; ಈಗ ಗ್ರಬ್‌ನದೇ ಹೆಚ್ಚಿನ ಬಳಕೆ.

ಅಂಗೈಯಗಲದ ಮಿನಿ ಪಿಸಿಗಳಲ್ಲಿ ಲಿನಕ್ಸ್ ಹಾಕುವ ಕೆಲಸ ಸುಸೂತ್ರವಾಗಿ ಮುಗಿದರೂ, ಮರುಚಾಲನೆಯಲ್ಲಿ ಬೂಟ್ ಸಾಧನವೇ ಇಲ್ಲವೆಂಬ ಸಂದೇಶ ಬರುವುದುಂಟು. ತಪ್ಪು ಬಹುಪಾಲು ಯುಇಎಫ್‌ಐ ಫರ್ಮ್‌ವೇರ್‌ನದು, ಬೈಗುಳ ಮಾತ್ರ ಲಿನಕ್ಸ್‌ಗೆ. ಕೆಲವು ಫರ್ಮ್‌ವೇರ್‌ಗಳು ಗ್ರಬ್ ಬರೆಸಿದ ನಮೂದನ್ನು ಕಡೆಗಣಿಸಿ, ಇಎಫ್‌ಐ ವಿಭಾಗದ 'ಬೂಟ್' ಫೋಲ್ಡರನ್ನೋ ವಿಂಡೋಸ್‌ನ ಫೈಲನ್ನೋ ಮಾತ್ರ ಹುಡುಕುತ್ತವೆ. ಗ್ರಬ್‌ನ ಒಂದು ಪ್ರತಿಯನ್ನು 'ಬೂಟ್' ಫೋಲ್ಡರ್‌ನಲ್ಲಿ, ಫರ್ಮ್‌ವೇರ್ ಬಯಸುವ ಹೆಸರಿನಲ್ಲೇ ಇಡುವುದು ರೂಢಿಯ ಪರಿಹಾರ. ಇಂಟೆಲ್‌ನ ಬೇ ಟ್ರೇಲ್ ಚಿಪ್‌ನ ಅನೇಕ ಅಗ್ಗದ ಸಾಧನಗಳದು ಇನ್ನೂ ವಿಚಿತ್ರ: ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ 32 ಬಿಟ್. ಕರ್ನಲ್ 3.15 (2014) ಈ ಎಡವಟ್ಟು ಜೋಡಿಯನ್ನು ಒಪ್ಪಿಕೊಂಡಿತಾದರೂ ಗ್ರಬ್ 32 ಬಿಟ್‌ನದೇ ಆಗಬೇಕು.

ಪುಣೆಯಲ್ಲಿ ಇಂಥ ವಿದ್ಯೆ ಕೈಯಿಂದ ಕೈಗೆ ದಾಟಿದ್ದು ಲಿನಕ್ಸ್ ಬಳಕೆದಾರರ ಬಳಗದಿಂದ, ಸಿಂಬಯೋಸಿಸ್ ಗಣಕ ಅಧ್ಯಯನ ಸಂಸ್ಥೆಯ ಗ್ನೂನಿಫೈ ಮೇಳದಿಂದ. ಬೂಟ್ ಆದ ಬಳಿಕ ಪರದೆಯಲ್ಲಿ ಕನ್ನಡ ಮೂಡಿಸುವ ಲೋಹಿತ್ ಅಕ್ಷರಶೈಲಿಯನ್ನು ಬೆಳೆಸಿದ ರೆಡ್ ಹ್ಯಾಟ್ ತಂಡವೂ ಇದೇ ಊರಿನದು.