ಸ್ಯಾಕ್ಸೊಫೋನು ಮತ್ತು ಎರಡು ಋಣಗಳು

ಪಿಟೀಲು ನಮ್ಮ ಸಂಗೀತಕ್ಕೆ ಒಗ್ಗಿ ಎರಡು ಶತಮಾನಗಳು ಕಳೆದುವು. ಅದನ್ನು ಈಗ ಯಾರೂ ಪರಕೀಯವೆಂದು ಎಣಿಸುವುದಿಲ್ಲ. ಸ್ಯಾಕ್ಸೊಫೋನಿನ ಕಥೆ ಅಷ್ಟು ಹಳೆಯದಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು 1846ರಲ್ಲಿ ಈ ವಾದ್ಯಕ್ಕೆ ಹಕ್ಕುಪತ್ರವನ್ನು ಪಡೆದನು. ಮುಂದೆ ಅದು ಅಮೆರಿಕದಲ್ಲಿ, ಆಫ್ರಿಕಾ ಮೂಲದ ಕಲಾವಿದರ ಕೈಯಲ್ಲಿ, ಜಾಜ್ ಸಂಗೀತದ ಮುಖ್ಯ ಕಂಠವಾಯಿತು. ಇತ್ತ ಮೈಸೂರಿನ ಅರಮನೆಯ ಬ್ಯಾಂಡಿಗೂ ಬಂದು ಸೇರಿತು.

ಆ ಅರಮನೆಯ ಬ್ಯಾಂಡಿನಲ್ಲಿ ಇದರ ನಾದವನ್ನು ಕೇಳಿ ಮನಸೋತವರು ಕದ್ರಿ ಗೋಪಾಲನಾಥರು (1949–2019). ಬಂಟ್ವಾಳ ತಾಲ್ಲೂಕಿನ ಸಜೀಪಮೂಡದವರಾದ ಅವರು ನಾಗಸ್ವರ ವಿದ್ವಾಂಸರ ಮಗ. ಗುಂಡಿಯನ್ನೊತ್ತಿದರೆ ನಿಯತವಾದ ಸ್ವರವೇ ಹೊರಡುವ ವಾದ್ಯದಲ್ಲಿ ಗಮಕವನ್ನು ತರುವುದು ಸುಲಭಸಾಧ್ಯವಲ್ಲ. ಅವರು ದೀರ್ಘಕಾಲ ಸಾಧನೆಮಾಡಿ, ವಾದ್ಯದಲ್ಲಿಯೂ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡು, ತ್ಯಾಗರಾಜರ ಕೃತಿಗಳನ್ನು ಅದರಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿಯೂ ಕಚೇರಿ ನಡೆಸಿದರು.

ಅವರ ಧ್ವನಿಮುದ್ರಿಕೆಯೊಂದು ಅಮೆರಿಕದಲ್ಲಿ ಜಾಜ್ ಕಲಿಯುತ್ತಿದ್ದ ರುದ್ರೇಶ ಮಹಾಂತಪ್ಪನೆಂಬ ತರುಣನಿಗೆ ದೊರೆಯಿತು. ಅಣ್ಣನು ಪರಿಹಾಸಕ್ಕೆಂದು ಕೊಟ್ಟ ಆ ಮುದ್ರಿಕೆ ತಮ್ಮನ ಬಾಳಿನಲ್ಲಿ ಗಂಭೀರವಾದ ಫಲವನ್ನೇ ಕೊಟ್ಟಿತು. ಕನ್ನಡ ನಾಡಿನ ಮೂಲದ ಮನೆತನದಲ್ಲಿ 1971ರಲ್ಲಿ ಹುಟ್ಟಿ, ಕೊಲೊರಾಡೊದಲ್ಲಿ ಬೆಳೆದ ಈತನನ್ನು, "ನಿನಗೆ ಇಂಡಿಯನ್ ಭಾಷೆ ಬರುತ್ತದೆಯೆ?" ಎಂದು ಜನರು ಕೇಳುತ್ತಿದ್ದರು. ಆ ಪ್ರಶ್ನೆಗೆ ಹಲವು ಭಾರತೀಯರು ತಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳ ಏರಿಳಿತವನ್ನೇ ಸ್ವರಪಡಿಸಿ, 2004ರಲ್ಲಿ 'ಮದರ್ ಟಂಗ್' ಎಂಬ ಮುದ್ರಿಕೆಯನ್ನು ಹೊರತಂದನು. ಅದರ ಒಂದು ರಚನೆಯ ಹೆಸರು 'ಕನ್ನಡ'. 2008ರಲ್ಲಿ ಕದ್ರಿಯವರೊಡನೆ ನುಡಿಸಿದ 'ಕಿನ್ಸ್‌ಮೆನ್' ಪ್ರಕಟವಾಯಿತು. ಬಂಧುಗಳು ಎಂದು ಆ ಹೆಸರಿನ ಅರ್ಥ.

ಜಾಜ್ ಮಹಾವಾದಕ ಚಾರ್ಲಿ ಪಾರ್ಕರನು ಹುಟ್ಟಿ ನೂರು ವರ್ಷ ತುಂಬಿದ 2020ರಲ್ಲಿ ಮಹಾಂತಪ್ಪನ 'ಹೀರೊ ಟ್ರಿಯೊ' ಹೊರಬಂದಿತು. ಇದರಲ್ಲಿ ಅವನ ಸ್ವಂತ ರಚನೆ ಒಂದೂ ಇಲ್ಲ. ಪಾರ್ಕರನ 'ರೆಡ್ ಕ್ರಾಸ್', ಸ್ಟೀವಿ ವಂಡರನ 'ಓವರ್‌ಜಾಯ್ಡ್', ಹಳೆಯ ಚಲಚ್ಚಿತ್ರದ 'ಐ ವಿಲ್ ರಿಮೆಂಬರ್ ಏಪ್ರಿಲ್' ಮೊದಲಾದ ಪರರ ಕೃತಿಗಳೇ ಇವೆ. ಜೊತೆಗಿರುವುದು ಬಾಸ್ ಮತ್ತು ಡ್ರಮ್ ಮಾತ್ರ, ಪಿಯಾನೊ ಇಲ್ಲ. ನಮ್ಮ ವಿದ್ವಾಂಸರು ಎಲ್ಲರೂ ಬಲ್ಲ ಕೃತಿಯನ್ನೆತ್ತಿಕೊಂಡು ಕಲ್ಪನಾಸ್ವರದಲ್ಲಿ ತಮ್ಮತನವನ್ನು ತೋರುವಂತೆ, ಜಾಜ್ ವಾದಕರೂ ಪರಿಚಿತವಾದ ಹಾಡನ್ನಾಧರಿಸಿ ಮನೋಧರ್ಮವನ್ನು ಮೆರೆಸುತ್ತಾರೆ. ಭೇದವಿಷ್ಟೆ: ನಮ್ಮಲ್ಲಿ ಕೃತಿಯ ಸ್ವರೂಪವನ್ನು ಕಾಪಾಡಲೇಬೇಕು, ಅವರಲ್ಲಿ ಮೂಲದ ಮಟ್ಟನ್ನೇ ಬಗ್ಗಿಸಬಹುದು.

ಮನುಷ್ಯನು ಹುಟ್ಟುವಾಗಲೇ ಋಣಗಳನ್ನು ಹೊತ್ತು ಬರುವನೆಂಬುದು ಪ್ರಾಚೀನರ ಮತ. ಪಿತೃಋಣ ವಂಶದಿಂದ ಬಂದುದು. ಋಷಿಋಣವಾದರೋ ಅಧ್ಯಯನದಿಂದಲೇ ತೀರತಕ್ಕದ್ದು. 'ಕಿನ್ಸ್‌ಮೆನ್' ಮೊದಲನೆಯದರ ಸಲ್ಲಿಕೆಯಾದರೆ, 'ಹೀರೊ ಟ್ರಿಯೊ' ಎರಡನೆಯದರದು. ಯಾವ ಕುಲದವನೆಂದು ಕೇಳದೆ, ಎಷ್ಟು ಕಲಿತನೆಂದು ಮಾತ್ರ ಕೇಳುವ ಋಣವದು. ಅರಮನೆಯ ಬ್ಯಾಂಡಿನ ಎದುರು ನಿಂತ ನಾಗಸ್ವರದ ಮನೆಯ ಹುಡುಗನಿಗೂ ಆ ಹಕ್ಕು ದೊರೆತದ್ದು ಕಲಿಕೆಯಿಂದಲೇ.